ಕೀಲೂರಿನ ಕಾಯುವ ಯಂತ್ರ

ಒಂದಾನೊಂದು ಊರಿತ್ತು. ಎರಡಾನೆರಡು ಇರಲಿಲ್ಲ, ಒಂದೇ. ಹೆಸರು ಕೀಲೂರು. ಎಲ್ಲಿದೆ ಅಂತ ಕೇಳಬೇಡಿ. ನಾನು ಹೋದಾಗ ಇತ್ತು, ಬರುವಾಗಲೂ ಇತ್ತು, ಅಷ್ಟು ಸಾಕು. ಸ್ವಲ್ಪ ಹತ್ತಿರ ಬನ್ನಿ, ಹಿಂದೆ ಕೂತವರಿಗೆ ಕೇಳಿಸುವುದಿಲ್ಲ.

ಕೀಲೂರಿನಲ್ಲಿ ಯಾರೂ ಉಳುತ್ತಿರಲಿಲ್ಲ, ಬಿತ್ತುತ್ತಿರಲಿಲ್ಲ. ಎಲ್ಲರೂ ಯಂತ್ರ ಮಾಡುತ್ತಿದ್ದರು. ಎಂಥೆಂಥ ಯಂತ್ರ! ಬೆಳ್ಳುಳ್ಳಿ ಸುಲಿಯುವುದಕ್ಕೆ ಒಂದು ಯಂತ್ರ. ಸುಲಿದ ಸಿಪ್ಪೆ ಊದುವುದಕ್ಕೆ ಇನ್ನೊಂದು. ಊದಿದ ಸಿಪ್ಪೆ ಪಕ್ಕದ ಮನೆಯವರ ಸಾರಿಗೆ ಬಿದ್ದರೆ ಹೋಗಿ ಕ್ಷಮೆ ಕೇಳುವುದಕ್ಕೆ ಮತ್ತೊಂದು. ಒಂದು ಕೆಲಸಕ್ಕೆ ಒಂದೇ ಯಂತ್ರ, ಒಂದು ಯಂತ್ರಕ್ಕೆ ಒಂದೇ ಕೆಲಸ. ಅದು ಆ ಊರಿನ ಹೆಮ್ಮೆ.

ಆ ಊರಲ್ಲಿ ಮೋನಾಚಾರಿ ಅಂತ ಒಬ್ಬ. ಅವನ ಹೆಂಡತಿ ಚೆನ್ನಾಜಮ್ಮ. ಇಬ್ಬರೂ ಸೇರಿ ಶಾವಿಗೆ ಒರಳು ಮಾಡುತ್ತಿದ್ದರು. ಕೆಳಗಿನ ಒರಳು ಅವನದು, ಮೇಲಿನ ತಿರುಪು ಅವಳದು. ಅವಳು ಕೊರೆದ ತಿರುಪು ಎಷ್ಟು ಸಣ್ಣ ಸುತ್ತಿನದು ಅಂದರೆ, ಬುಡದಲ್ಲಿ ಒಂದು ಇರುವೆ ಹತ್ತಿದರೆ ಸುತ್ತಿ ಸುತ್ತಿ ನೆತ್ತಿ ಮುಟ್ಟುವಷ್ಟರಲ್ಲಿ ಅದಕ್ಕೆ ಮೊಮ್ಮಕ್ಕಳಾಗಿರುತ್ತಿದ್ದವು.

ಹೊಸ ಒರಳು ಮುಗಿದ ದಿನ ಸಂಜೆ ಇಬ್ಬರೂ ಜಗುಲಿ ಮೇಲೆ ಕೂರುತ್ತಿದ್ದರು. ಅವನು ಒರಳನ್ನು ಎರಡು ಕಾಲ ನಡುವೆ ಗಟ್ಟಿಯಾಗಿ ಹಿಡಿಯುತ್ತಿದ್ದ. ಅವಳು ತಿರುಪು ತಿರುಗಿಸುತ್ತಿದ್ದಳು. ಶಾವಿಗೆ ಎಳೆ ಎಳೆಯಾಗಿ ಬಾಳೆ ಎಲೆಗೆ ಇಳಿಯುತ್ತಿತ್ತು. ಅದಕ್ಕೆ ಕಾಯಿಹಾಲು ಬೆಲ್ಲ ಹಾಕಿಕೊಂಡು ತಿನ್ನುತ್ತ ಅವರು ಏನೇನೋ ಮಾತಾಡುತ್ತಿದ್ದರು. ಏನು ಅಂತ ಯಾರಿಗೂ ಗೊತ್ತಿಲ್ಲ. ಗಂಡಹೆಂಡಿರ ಮಾತು ನಮಗ್ಯಾಕೆ?

ಈಗ ದೊರೆಯ ವಿಷಯಕ್ಕೆ ಬರೋಣ. ಆ ಸೀಮೆಯ ದೊರೆ ವಿಂಗಡರಾಯ. ಒಳ್ಳೆಯವನೇ. ಒಂದು ದಿನ ಅವನಿಗೆ ಪಾಯಸದಲ್ಲಿ ಒಂದು ಅಂಗಿ ಗುಂಡಿ ಸಿಕ್ಕಿತು.

"ಪಾಯಸದಲ್ಲಿ ಗುಂಡಿ ಯಾಕೆ ಬಂತು?" ಅಂತ ದೊರೆ ಕೇಳಿದ.

ಅಡುಗೆಯವನು ಹೆದರಿ, "ಅದಕ್ಕೆ ತನ್ನ ಜಾಗ ಗೊತ್ತಿಲ್ಲ ಮಹಾಸ್ವಾಮಿ" ಅಂದ.

ದೊರೆ ಮೂರು ದಿನ ಯೋಚನೆ ಮಾಡಿದ. ನಾಲ್ಕನೇ ದಿನ ಹುಕುಂ ಹೊರಡಿಸಿದ. ಇನ್ನು ಮೇಲೆ ನನ್ನ ಸೀಮೆಯಲ್ಲಿ ಪ್ರತಿಯೊಂದಕ್ಕೂ ಅದರದರ ಜಾಗ ಗೊತ್ತಿರಬೇಕು. ಪ್ರತಿಯೊಂದಕ್ಕೂ ಒಂದು ಖಾನೆ. ಒಂದು ಖಾನೆಯದು ಇನ್ನೊಂದು ಖಾನೆಗೆ ಹೋಗಕೂಡದು.

ಮೊದಲು ಸಾಸಿವೆ ಜೀರಿಗೆ ವಿಂಗಡಿಸಿದರು. ಆಮೇಲೆ ಗುಂಡಿಗಳನ್ನು. ಆಮೇಲೆ ಮೋಡಗಳನ್ನು. ಮಳೆ ತರುವ ಮೋಡ ಒಂದು ಕಡೆ, ಸುಮ್ಮನೆ ನೋಡಿಕೊಂಡು ಹೋಗಲು ಬರುವ ಮೋಡ ಇನ್ನೊಂದು ಕಡೆ. ಆಮೇಲೆ ಸೀನುಗಳನ್ನು. ಇವೆಲ್ಲ ಮುಗಿದ ಮೇಲೆ ದೊರೆಯ ಶಾನುಭೋಗ ತಿಮ್ಮರಸಯ್ಯ ದೊಡ್ಡ ಪುಸ್ತಕ ಹೊತ್ತುಕೊಂಡು ಕೀಲೂರಿಗೆ ಬಂದ. ಯಂತ್ರ ಮಾಡುವವರನ್ನು ವಿಂಗಡಿಸುವುದಕ್ಕೆ.

ತಿಮ್ಮರಸಯ್ಯ ತೆಳ್ಳಗಿನ ಮನುಷ್ಯ. ಜೀವಮಾನದಲ್ಲಿ ಒಂದು ಸುಳ್ಳು ಅಕ್ಷರ ಬರೆದವನಲ್ಲ. ಅವನು ಊರ ಚೌಕದಲ್ಲಿ ನಿಂತು ನಿಯಮ ಓದಿದ. ಮೊದಲನೆಯದು, ಯಂತ್ರ ವಿಶೇಷದ್ದೋ ಸಾಧಾರಣದ್ದೋ? ಒಂದೇ ಕೆಲಸ ಮಾಡಿದರೆ ವಿಶೇಷ. ಎರಡು ಮಾಡಿದರೆ ಸಾಧಾರಣ. ರೊಟ್ಟಿ ತಟ್ಟುವ ಯಂತ್ರದ ಪುಟ್ಟಲಿಂಗವ್ವ ಬಾಯಿ ತಪ್ಪಿ, "ಮಳೆ ಬಂದಾಗ ಇದನ್ನ ತಲೆ ಮೇಲೂ ಇಟ್ಕೋಬೌದು ಬುದ್ಧಿ" ಅಂದಳು. ಅವಳನ್ನು ಸಾಧಾರಣಕ್ಕೆ ಹಾಕಿ ಊರಾಚೆ ಕಳಿಸಿದರು. ಅವಳು ಹೋಗುವಾಗ ಮಳೆ ಬರುತ್ತಿತ್ತು. ಯಂತ್ರ ತಲೆ ಮೇಲಿತ್ತು.

ಉಳಿದ ವಿಶೇಷದವರಿಗೆ ನಾಲ್ಕು ಬೀದಿ. ಹಿಂಡುವ ಯಂತ್ರ ಮಾಡುವವರಿಗೆ ಹಿಂಡುಬೀದಿ. ತಿರುಗುವ ಯಂತ್ರದವರಿಗೆ ತಿರುಗುಬೀದಿ. ಕತ್ತರಿಸುವ, ತುರಿಯುವ ಯಂತ್ರದವರಿಗೆ ಕತ್ತರಿಬೀದಿ. ಎತ್ತುವ ಯಂತ್ರದವರಿಗೆ ಎತ್ತುಬೀದಿ. ಬೀದಿ ಬೀದಿಗೆ ನಡುವೆ ಹತ್ತಾಳೆತ್ತರದ ಗೋಡೆ.

ತಿಮ್ಮರಸಯ್ಯ ಮೋನಾಚಾರಿಯ ಮನೆ ಜಗುಲಿಗೆ ಬಂದ. ಶಾವಿಗೆ ಒರಳನ್ನು ಮುಂದಿಟ್ಟುಕೊಂಡು ಕೇಳಿದ:

"ಇದು ಏನು ಮಾಡುತ್ತೆ?"

"ಹಿಂಡುತ್ತೆ" ಅಂದ ಮೋನಾಚಾರಿ.

"ತಿರುಗುತ್ತೆ" ಅಂದಳು ಚೆನ್ನಾಜಮ್ಮ.

ಇಬ್ಬರೂ ಒಂದೇ ಉಸಿರಿಗೆ ಅಂದುಬಿಟ್ಟರು. ತಿಮ್ಮರಸಯ್ಯನ ಲೇಖನಿ ಎರಡನ್ನೂ ಬರೆದುಬಿಟ್ಟಿತು. ಒಬ್ಬೊಬ್ಬರು ಹೇಳಿದ್ದು ಒಂದೊಂದೇ ಕೆಲಸ, ಹಾಗಾಗಿ ಇಬ್ಬರೂ ವಿಶೇಷ. ಬರೆದ ಮೇಲೆ ಅಳಿಸುವಂತಿಲ್ಲ. ಹಿಂಡುತ್ತೆ ಅಂದವನು ಹಿಂಡುಬೀದಿಗೆ, ತಿರುಗುತ್ತೆ ಅಂದವಳು ತಿರುಗುಬೀದಿಗೆ. ಒರಳು ಅವನ ಜೊತೆ, ತಿರುಪು ಅವಳ ಜೊತೆ.

"ಸ್ವಾಮಿ, ನಾವು ಗಂಡಹೆಂಡ್ತಿ" ಅಂದ ಮೋನಾಚಾರಿ.

"ಅದನ್ನ ಯಾವ ಯಂತ್ರದಿಂದ ಮಾಡ್ತೀರಿ?" ಅಂತ ತಿಮ್ಮರಸಯ್ಯ ಕೇಳಿದ. ತಮಾಷೆಗಲ್ಲ, ನಿಜವಾಗಿ ತಿಳಿದುಕೊಳ್ಳಲಿಕ್ಕೇ ಕೇಳಿದ. ಎರಡು ಗಾಡಿ ಬಂದವು. ಒಂದು ಆ ಕಡೆ ಹೋಯಿತು, ಒಂದು ಈ ಕಡೆ ಹೋಯಿತು.

ಹಿಂಡುಬೀದಿಯಲ್ಲಿ ಮೋನಾಚಾರಿಗೆ ಗೋಡೆ ಪಕ್ಕದ ಮನೆ ಸಿಕ್ಕಿತು. ಬೆಳಿಗ್ಗೆ ಎದ್ದ ಕೂಡಲೆ ಒರಳು ಕೇಳುತ್ತಿತ್ತು:

"ತಿರುಪು ಎಲ್ಲಿ?"

"ಗೋಡೆ ಆಚೆ."

"ಗೋಡೆ ಅಂದರೆ ಏನು?"

"ಆಚೆ ಇರೋದು ಕಾಣದ ಹಾಗೆ ಮಾಡೋದು."

"ಹಾಗಾದರೆ ಅದೂ ಒಂದು ಯಂತ್ರ. ಅದನ್ನ ಯಾವ ಬೀದಿಗೆ ಹಾಕಿದ್ದಾರೆ?"

ಮೋನಾಚಾರಿ ಗೋಡೆಗೆ ಕಿವಿ ಕೊಟ್ಟು ಕೂರುತ್ತಿದ್ದ. ಆಚೆಯಿಂದ ಕಿರ್, ಕಿರ್ ಅಂತ ಸಣ್ಣ ಸದ್ದು ಬರುತ್ತಿತ್ತು. ಚೆನ್ನಾಜಮ್ಮ ತಿರುಪನ್ನು ಬರೀ ಗಾಳಿಯಲ್ಲಿ ತಿರುಗಿಸುತ್ತಿದ್ದಳು. ಗಾಳಿಯಿಂದ ಶಾವಿಗೆ ಬರುವುದಿಲ್ಲ. ಆದರೂ ತಿರುಗಿಸುತ್ತಿದ್ದಳು. ಅವಳಿಗೂ ಆ ಕಡೆಯಿಂದ ಗೋಡೆಗೆ ಒರಗುವ ಸದ್ದು ಗೊತ್ತಾಗುತ್ತಿತ್ತು. ಅದು ಅವನ ಬೆನ್ನು ಅಂತ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಒಂದು ವರ್ಷ ಆಯಿತು. ಮೋನಾಚಾರಿ ತಿಮ್ಮರಸಯ್ಯನ ಹತ್ತಿರ ಹೋಗಿ, ನಾನು ತಿರುಗುಬೀದಿಗೆ ಹೋಗಬೇಕು ಅಂದ.

"ಧಾರಾಳವಾಗಿ ಹೋಗಪ್ಪ. ತಿರುಗುವ ಯಂತ್ರ ಒಂದು ಮಾಡು, ಕಳಿಸ್ತೀನಿ."

ಮೋನಾಚಾರಿ ಆರು ತಿಂಗಳು ಕೂತು ಒಂದು ಯಂತ್ರ ಮಾಡಿದ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವ ಯಂತ್ರ. ತಿಮ್ಮರಸಯ್ಯ, "ಹೆಸರೇನು ಇದರದು?" ಅಂದ. ಮೋನಾಚಾರಿ ಗಂಟಲು ಸರಿಮಾಡಿಕೊಂಡು, "ಚೆನ್ನಾಜೀ" ಅಂತ ಕರೆದ. ಯಂತ್ರ ಮೆಲ್ಲಗೆ ತಿರುಗಿ ಅವನನ್ನು ನೋಡಿತು. ತಿಮ್ಮರಸಯ್ಯ ಪುಸ್ತಕದಲ್ಲಿ ಬರೆದ: ತಿರುಗುತ್ತದೆ.

ಅದೇ ಆರು ತಿಂಗಳು ಚೆನ್ನಾಜಮ್ಮನೂ ಸುಮ್ಮನೆ ಕೂತಿರಲಿಲ್ಲ. ಅವಳು ಒದ್ದೆ ಸೆರಗು ಹಿಂಡುವ ಯಂತ್ರ ಮಾಡಿದಳು. ಸೆರಗು ಯಾಕೆ ಒದ್ದೆಯಾಗುತ್ತೆ ಅಂತ ತಿಮ್ಮರಸಯ್ಯ ಕೇಳಲಿಲ್ಲ. ಅದಕ್ಕೆ ಪುಸ್ತಕದಲ್ಲಿ ಜಾಗ ಇರಲಿಲ್ಲ. ಬರೆದ: ಹಿಂಡುತ್ತದೆ.

ಗುರುವಾರ ಬೆಳಿಗ್ಗೆ ಮೋನಾಚಾರಿ ತಿರುಗುಬೀದಿಗೆ ಹೊರಟ. ಗುರುವಾರ ಬೆಳಿಗ್ಗೆಯೇ ಚೆನ್ನಾಜಮ್ಮ ಹಿಂಡುಬೀದಿಗೆ ಹೊರಟಳು. ಚೌಕದಲ್ಲಿ ಎದುರಾದರು. ಎರಡು ಖಾನೆಯವರು ಜೊತೆಯಲ್ಲಿ ನಿಲ್ಲುವಂತಿಲ್ಲ, ನಡೆಯುತ್ತಲೇ ಇರಬೇಕು. ನಿಂತರೆ ಕಾವಲಿನವನು ಕೋಲು ಕುಟ್ಟುತ್ತಿದ್ದ. ಅದಕ್ಕೆ ಇಬ್ಬರೂ ಆದಷ್ಟು ನಿಧಾನವಾಗಿ ನಡೆದರು. ಬಸವನಹುಳ ಒಂದು ಅವರನ್ನು ಹಿಂದೆ ಹಾಕಿ ಹೋಯಿತು.

"ಊಟ ಆಯ್ತಾ?" ಅಂದಳು ಚೆನ್ನಾಜಮ್ಮ.

"ಆಯ್ತು. ನಿಂದು?"

"ಆಯ್ತು."

ಅಷ್ಟರಲ್ಲಿ ಚೌಕ ಮುಗಿಯಿತು. ಈಗ ಅವನು ಆ ಕಡೆ, ಅವಳು ಈ ಕಡೆ. ಗೋಡೆ ಅದೇ.

ಇಬ್ಬರೂ ಮತ್ತೆ ವರ್ಷಗಟ್ಟಲೆ ಕೂತು ಹೊಸ ಯಂತ್ರ ಮಾಡಿದರು. ಅವನು ಹಿಂಡುವುದು, ಅವಳು ತಿರುಗುವುದು. ಮತ್ತೆ ಒಂದೇ ದಿನ ಹೊರಟರು. ಮತ್ತೆ ಚೌಕದಲ್ಲಿ ಎದುರಾದರು. ಈ ಸಲ ಊಟದ ಮಾತು ಬರಲಿಲ್ಲ.

"ನೀವು ಇದ್ದಲ್ಲೇ ಇರಬಾರದಿತ್ತಾ?" ಅಂದಳು ಅವಳು.

"ನೀನು ಇದ್ದಲ್ಲೇ ಇರಬಾರದಿತ್ತಾ?" ಅಂದ ಅವನು.

ಚೌಕ ಮುಗಿಯಿತು. ಮನೆಗೆ ಹೋಗಿ ಇಬ್ಬರೂ ಯೋಚಿಸಿದರು. ಅವಳು ಹೇಳಿದ್ದು ಸರಿ, ಇದ್ದಲ್ಲೇ ಇರುತ್ತೇನೆ ಅಂದುಕೊಂಡ ಅವನು. ಅವರು ಹೇಳಿದ್ದು ಸರಿ, ಇದ್ದಲ್ಲೇ ಇರುತ್ತೇನೆ ಅಂದುಕೊಂಡಳು ಅವಳು. ಇಬ್ಬರೂ ಇದ್ದಲ್ಲೇ ಇದ್ದರು. ಇವತ್ತು ಬರುತ್ತಾಳೆ ಅಂತ ಅವನು ದಿನಾ ಬಾಗಿಲು ತೆಗೆದಿಟ್ಟ. ಇವತ್ತು ಬರುತ್ತಾರೆ ಅಂತ ಅವಳು ದಿನಾ ಎರಡು ತಟ್ಟೆ ತೊಳೆದಿಟ್ಟಳು. ಹಾಗೆ ಮೂರು ವರ್ಷ ಹೋಯಿತು. ಎಲ್ಲಾ ಸೇರಿ ಏಳು ವರ್ಷ. ಅವನ ಮೀಸೆ ಬೆಳ್ಳಗಾಯಿತು. ಅವಳು ಸೂಜಿಗೆ ದಾರ ಪೋಣಿಸುವಾಗ ತೋಳು ಉದ್ದ ಚಾಚಿ ನೋಡುವ ಹಾಗಾಯಿತು.

ಒಂದು ದಿನ ಒರಳು, "ನೀನು ಹೋಗಲ್ಲ ಅಂದರೆ ನಾನೇ ದೊರೆ ಹತ್ತಿರ ಹೋಗ್ತೀನಿ" ಅಂತು. ಒರಳಿಗೆ ಕಾಲಿಲ್ಲ. ಹಾಗಾಗಿ ಮೋನಾಚಾರಿ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಅರಮನೆಗೆ ಹೋದ.

ದೊರೆಯ ಮುಂದೆ ಮೋನಾಚಾರಿ ಒರಳನ್ನು ಇಳಿಸಿದ. ಒರಳೇ ಕೇಳಿತು:

"ಮಹಾಸ್ವಾಮಿ, ನನ್ನ ತಿರುಪು ಎಲ್ಲಿ?"

ವಿಂಗಡರಾಯ ಸಿಂಹಾಸನದಲ್ಲಿ ಒಬ್ಬನೇ ಕೂತಿದ್ದ. ಪಕ್ಕದ ಆಸನ ಖಾಲಿ. ಅವನು ಒಮ್ಮೆ ಆ ಆಸನದ ಕಡೆ ನೋಡಿದ. ಆಮೇಲೆ ಹೇಳಿದ:

"ನೋಡಪ್ಪ ಒರಳೇ, ನಮ್ಮ ರಾಣಿ ಚೆನ್ನಾಗಿ ಹಾಡುತ್ತಿದ್ದಳು. ವಿಂಗಡಿಸುವಾಗ ಹಾಡುವವರ ಖಾನೆಗೆ ಹೋದಳು. ಬೆಟ್ಟದ ಆಚೆ, ಕೋಗಿಲೆಗಳ ಜೊತೆ ಇದ್ದಾಳೆ. ದೊರೆಗಳ ಖಾನೆಯಲ್ಲಿ ನಾನೊಬ್ಬನೇ. ಮಾತಾಡೋಣ ಅಂದರೆ ಇನ್ನೊಬ್ಬ ದೊರೆ ಇಲ್ಲ."

ಆಗ ಮೋನಾಚಾರಿ ಕೇಳಿದ: "ಮಹಾಸ್ವಾಮಿ, ಹುಕುಂ ತಮ್ಮದೇ ಅಲ್ವಾ? ರದ್ದು ಅಂದರೆ ಮುಗೀತಲ್ವಾ?"

"ಅಂದೆನಪ್ಪ. ಮೂರು ವರ್ಷದ ಹಿಂದೆಯೇ ಅಂದೆ. ಹುಕುಂ ರದ್ದು ಮಾಡುವ ಹುಕುಂ ಯಾವ ಖಾನೆಗೆ ಹೋಗಬೇಕು ಅಂತ ತಿಮ್ಮರಸಯ್ಯ ಹುಡುಕುತ್ತಲೇ ಇದ್ದಾನೆ. ಖಾನೆ ಸಿಗುವವರೆಗೆ ಅದು ಜಾರಿಗೆ ಬರುವಂತಿಲ್ಲ."

ಆಮೇಲೆ ದೊರೆ ಮುಂದಕ್ಕೆ ಬಾಗಿದ.

"ಒಂದು ಕರಾರು ಮಾಡೋಣ. ಯಾವ ಖಾನೆಗೂ ಸೇರದ ಒಂದು ಯಂತ್ರ ಮಾಡಿ. ಅರ್ಧ ನೀನು ಮಾಡು, ಅರ್ಧ ನಿನ್ನ ಹೆಂಡತಿ ಮಾಡಲಿ. ಬೇರೆ ಬೇರೆ ಖಾನೆಯವರಾದ್ದರಿಂದ ಒಬ್ಬರದು ಒಬ್ಬರು ನೋಡಕೂಡದು, ಕೇಳಕೂಡದು. ಒಂದು ವರ್ಷ ಸಮಯ. ತಿಮ್ಮರಸಯ್ಯನಿಗೆ ಅದರ ಖಾನೆ ಸಿಗದಿದ್ದರೆ ನೀವು ಒಂದೇ ಕಡೆ ಇರಿ. ಸಿಕ್ಕಿತೋ, ಇಬ್ಬರನ್ನೂ ಮರೆತ ಸಾಮಾನಿನ ಅಟ್ಟಕ್ಕೆ ಹಾಕಿಸ್ತೀನಿ. ಬೇರೆ ಬೇರೆ ಅಟ್ಟ. ಅಲ್ಲಿ ಇಟ್ಟದ್ದು ಎಲ್ಲಿದೆ ಅಂತ ಆಮೇಲೆ ನನಗೂ ನೆನಪಿರುವುದಿಲ್ಲ."

ಮೋನಾಚಾರಿ ಒಪ್ಪಿಕೊಂಡ. ತಿರುಗುಬೀದಿಗೆ ಹೋಗಿ ತಿಮ್ಮರಸಯ್ಯ ಕರಾರು ಓದಿದ. ಚೆನ್ನಾಜಮ್ಮ ಪೂರ್ತಿ ಕೇಳಿಸಿಕೊಂಡು, "ಅವರು ಒಪ್ಪಿಕೊಂಡರಾ?" ಅಂದಳು. ಹೌದು ಅಂದ ಮೇಲೆ ಉಳಿ ಎತ್ತಿಕೊಂಡಳು.

ಅವನು ಆ ಕಡೆ, ಅವಳು ಈ ಕಡೆ. ಮೋನಾಚಾರಿ ಹಲಸಿನ ಮರ ತಂದ, ಕಬ್ಬಿಣ ಕಾಯಿಸಿದ. ಏನು ಮಾಡಬೇಕು ಅಂತ ಹೊಳೆಯಲಿಲ್ಲ. ಅವಳು ಏನು ಮಾಡುತ್ತಿದ್ದಾಳೋ ಗೊತ್ತಿಲ್ಲ. ಏನೇ ಮಾಡಲಿ, ಅದಕ್ಕೆ ಜಾಗ ಬೇಕಲ್ಲ ಅಂದುಕೊಂಡ. ಅವಳ ಗೇಣು ಎಷ್ಟು ಅಂತ ಅವನ ಕೈಗೆ ನೆನಪಿತ್ತು. ಆ ಅಳತೆಯಲ್ಲೇ ಎಲ್ಲವನ್ನೂ ಮಾಡಿದ. ಹೊರಗೆ ಗಟ್ಟಿಯಾಗಿ ಕಟ್ಟಿದ, ಒಳಗೆ ಅವಳಿಗಾಗಿ ಜಾಗ ಬಿಟ್ಟ.

ವರ್ಷ ತುಂಬಿತು. ನಾಲ್ಕು ಬೀದಿ ಸೇರುವ ಚೌಕಕ್ಕೆ ಎರಡು ಗಾಡಿಯಲ್ಲಿ ಎರಡು ಅರ್ಧ ಬಂದವು. ಹತ್ತಿರ ತಂದು ಸೇರಿಸಿದರು. ಕೂದಲೆಳೆಯಷ್ಟು ಸಂದಿಲ್ಲದೆ ಕೂಡಿಕೊಂಡವು. ಜನ ಹೋ ಅಂದರು. ಮನುಷ್ಯ ಕುಕ್ಕರುಗಾಲಲ್ಲಿ ಕೂತಷ್ಟು ಎತ್ತರ, ಗುಂಡಗಿನ ಹೊಟ್ಟೆ, ಮೇಲೊಂದು ಮುಚ್ಚಳ. ಮೋನಾಚಾರಿ ಒಂದು ಪಕ್ಕ ನಿಂತ, ಚೆನ್ನಾಜಮ್ಮ ಇನ್ನೊಂದು ಪಕ್ಕ ನಿಂತಳು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ತಿಮ್ಮರಸಯ್ಯ ಪರೀಕ್ಷೆ ಶುರು ಮಾಡಿದ. ನಿಂಬೆಹಣ್ಣು ಹಾಕಿದ. ನಿಂಬೆಹಣ್ಣಾಗಿಯೇ ಹೊರಗೆ ಬಂತು. ಹಿಂಡುವುದಿಲ್ಲ. ಹಗ್ಗ ಕಟ್ಟಿ ಎಳೆದ. ತಿರುಗುವುದಿಲ್ಲ. ಸೌತೆಕಾಯಿ ಕೊಟ್ಟ. ಕತ್ತರಿಸುವುದಿಲ್ಲ. ತಾನೇ ಹತ್ತಿ ಕೂತ. ಎತ್ತುವುದಿಲ್ಲ. ಕೊನೆಗೆ ಬೇಸತ್ತು ಯಂತ್ರವನ್ನೇ ಕೇಳಿದ:

"ನೀನು ಮಾಡೋದಾದರೂ ಏನು?"

"ಕಾಯ್ತೀನಿ" ಅಂತು ಯಂತ್ರ.

ತಿಮ್ಮರಸಯ್ಯನ ಮುಖ ಅರಳಿತು. "ಕಾಯುತ್ತದೆ! ಹಾಗಾದರೆ ಒಲೆಗಳ ಖಾನೆ!" ಒಂದು ತಪ್ಪಲೆ ನೀರು ತರಿಸಿ ಯಂತ್ರದ ಮೇಲಿಟ್ಟ. ಸಂಜೆಯವರೆಗೆ ನೋಡಿದರು. ನೀರು ತಣ್ಣಗೇ ಇತ್ತು. ಒಂದು ಕಪ್ಪೆ ಅದರಲ್ಲಿ ಸಂಸಾರ ಹೂಡಿತ್ತು.

ಮರುದಿನ ಬೆಳಿಗ್ಗೆ ತಿಮ್ಮರಸಯ್ಯ ಓಡಿಬಂದ. "ಗೊತ್ತಾಯ್ತು! ಕಾಯುವುದು ಅಂದರೆ ಕಾವಲು! ಬೀಗಗಳ ಖಾನೆ!" ತನ್ನ ಪೇಟವನ್ನೇ ಯಂತ್ರದ ಮೇಲಿಟ್ಟು, ಯಾರಾದರೂ ಕದಿಯಿರಿ ಅಂದ. ಎತ್ತುಬೀದಿಯವನೊಬ್ಬ ಎತ್ತಿಕೊಂಡು ಹೊರಟೇಬಿಟ್ಟ. ಯಂತ್ರ, "ಹೋಗಿ ಬನ್ನಿ" ಅಂತು. ಅವನು ಹೋದ, ಬರಲಿಲ್ಲ.

ಬರಿತಲೆಯ ತಿಮ್ಮರಸಯ್ಯ ಯಂತ್ರದ ಮುಂದೆ ಕೂತ. "ಮತ್ತೆ ಏನನ್ನ ಕಾಯ್ತೀಯಪ್ಪ?"

"ಬರೋದನ್ನ."

"ಏನು ಬರುತ್ತೆ?"

"ಬಂದ ಮೇಲೆ ಗೊತ್ತಾಗುತ್ತೆ."

ತಿಮ್ಮರಸಯ್ಯ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದ. ಒಳಗೆ ಏನೂ ಇರಲಿಲ್ಲ.

"ಇದೇನು, ಖಾಲಿ ಇದೆ?"

"ಅವಳದಕ್ಕೆ ಅಂತ ಜಾಗ ಬಿಟ್ಟಿದ್ದೆ ಸ್ವಾಮಿ" ಅಂದ ಮೋನಾಚಾರಿ.

ಚೆನ್ನಾಜಮ್ಮ ಸೆರಗು ಬಾಯಿಗೆ ಹಿಡಿದುಕೊಂಡಳು. "ನಾನು ಅವರದಕ್ಕೆ ಅಂತ ಬಿಟ್ಟಿದ್ದೆ" ಅಂದಳು.

ಆಗ ಇಬ್ಬರೂ ಮುಖ ನೋಡಿಕೊಂಡರು.

ತಿಮ್ಮರಸಯ್ಯ ಪುಸ್ತಕ ತಿರುವಿದ. ಅಂಥ ಜಾಗಕ್ಕೆ ಅದರಲ್ಲಿ ಖಾನೆ ಇರಲಿಲ್ಲ. ಆದರೆ ಖಾನೆ ಇಲ್ಲ ಅಂತ ಒಪ್ಪುವವನಲ್ಲ ಅವನು. "ಕಾದದ್ದು ಬರಲಿ. ಬಂದ ಮೇಲೆ ಏನು ಅಂತ ನೋಡಿ ಖಾನೆ ಬರೀತೀನಿ. ಅಲ್ಲೀತನಕ ತೀರ್ಮಾನ ಇಲ್ಲ. ತೀರ್ಮಾನ ಆಗುವವರೆಗೆ ಮಾಡಿದವರು ಯಂತ್ರದ ಪಕ್ಕದಲ್ಲೇ ಇರತಕ್ಕದ್ದು" ಅಂತ ಓದಿ ಹೇಳಿದ.

ಹಾಗೆ ಮೋನಾಚಾರಿ ಚೆನ್ನಾಜಮ್ಮ ಚೌಕದಲ್ಲಿ ಪಕ್ಕಪಕ್ಕ ಕೂತರು. ಎಂಟು ವರ್ಷ ಆಗಿತ್ತು. ಎಲ್ಲಿಂದ ಶುರು ಮಾಡಬೇಕು?

"ಊಟ ಆಯ್ತಾ?" ಅಂದ ಅವನು.

"ಆಯ್ತು. ನಿಮ್ಮದು?"

"ಆಯ್ತು."

ಅಂದವರೇ ಇಬ್ಬರೂ ಎದ್ದು ನಿಂತು ಬೇರೆ ಬೇರೆ ದಿಕ್ಕಿಗೆ ಹೊರಟುಬಿಟ್ಟರು. ಅಭ್ಯಾಸ. ನಾಲ್ಕು ಹೆಜ್ಜೆ ಹೋದ ಮೇಲೆ ಚೆನ್ನಾಜಮ್ಮನಿಗೆ ನೆನಪಾಯಿತು.

"ರೀ, ಬನ್ನಿ, ಕೂತ್ಕೊಳ್ಳಿ. ಈಗ ಹೋಗೋದೇನಿಲ್ಲ."

ಅವನು ಬಂದು ಕೂತ. ಆಮೇಲೆ, "ಏನು ಊಟ?" ಅಂದ.

ಎಂಟು ವರ್ಷದಲ್ಲಿ ಅದು ಹೊಸ ಪ್ರಶ್ನೆ. ಚೆನ್ನಾಜಮ್ಮ ಆ ದಿನದ ಊಟ ಹೇಳಿದಳು. ಹಿಂದಿನ ದಿನದ್ದು ಹೇಳಿದಳು. ಅದರ ಹಿಂದಿನದು, ಅದರ ಹಿಂದಿನದು. ಉಪ್ಪು ಜಾಸ್ತಿಯಾದ ದಿನ, ಮಾಡಲು ಮನಸ್ಸಿಲ್ಲದೆ ಮಲಗಿದ ದಿನ, ಎರಡು ತಟ್ಟೆ ಹಾಕಿ ಒಂದನ್ನು ಹಾಗೇ ಎತ್ತಿಟ್ಟ ದಿನ, ಎಲ್ಲ ಹೇಳಿದಳು. ಹೇಳಿ ಮುಗಿಸಲು ಹನ್ನೊಂದು ದಿನ ಬೇಕಾಯಿತು. ಅವನು ಒಂದು ದಿನವನ್ನೂ ಬಿಡದೆ ಕೇಳಿಸಿಕೊಂಡ. ಹನ್ನೆರಡನೇ ದಿನ ಅವನು ಒರಳು ತಂದ, ಅವಳು ತಿರುಪು ತಂದಳು. ಎರಡನ್ನೂ ಕೂಡಿಸಿದರು. ಅವತ್ತಿನಿಂದ ಒರಳು ಏನೂ ಕೇಳಲಿಲ್ಲ.

ಆದರೆ ಭಯ ಇದ್ದೇ ಇತ್ತು. ದಿನಾ ಬೆಳಿಗ್ಗೆ ತಿಮ್ಮರಸಯ್ಯ ಬಂದು ಯಂತ್ರವನ್ನು, "ಬಂತಾ?" ಅಂತ ಕೇಳುತ್ತಿದ್ದ. ಇಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದರು. "ಇನ್ನೂ ಇಲ್ಲ" ಅನ್ನುತ್ತಿತ್ತು ಯಂತ್ರ. ಉಸಿರು ಬಿಡುತ್ತಿದ್ದರು. ಅದು ಏನನ್ನು ಕಾಯುತ್ತಿದೆಯೋ ಅದು ಎಂದೂ ಬಾರದಿರಲಿ ಅಂತ ಅವರ ಹಾರೈಕೆ. ಪಾಪ ಯಂತ್ರದ ಮುಖ ನೋಡಿದರೆ ಅದಕ್ಕೂ ಸಂಕಟ. ಬರಲಿ ಅಂತ ಹೇಗೆ ಅನ್ನುವುದು, ಬಾರದಿರಲಿ ಅಂತ ಹೇಗೆ ಅನ್ನುವುದು?

ಇಷ್ಟರಲ್ಲಿ ಪುಸ್ತಕದಲ್ಲಿ ಯಾರೋ ಒಂದು ಸಾಲು ಓದಿದರು. ಖಾನೆ ತೀರ್ಮಾನವಾಗದ ವಸ್ತುವನ್ನು ಮುಟ್ಟಿಕೊಂಡಿರುವವರ ಖಾನೆಯೂ ತೀರ್ಮಾನವಾಗಿಲ್ಲ ಅಂತ. ಸರಿ, ಕತ್ತರಿಬೀದಿಯಿಂದ ಒಬ್ಬ ತಾಯಿ ಬಂದು ಯಂತ್ರಕ್ಕೆ ಒಂದು ಬೆರಳು ತಾಗಿಸಿ ಕೂತಳು. ಎತ್ತುಬೀದಿಯಿಂದ ಅವಳ ಮಗಳು ಬಂದು ಇನ್ನೊಂದು ಪಕ್ಕದಲ್ಲಿ ಬೆರಳು ತಾಗಿಸಿದಳು. ಅಣ್ಣತಮ್ಮಂದಿರು ಬಂದರು. ಜಗಳವಾಡಲು ಜೊತೆಗಾರರಿಲ್ಲದೆ ಸೊರಗಿದ್ದ ನೆರೆಹೊರೆಯವರು ಬಂದರು. ಯಂತ್ರದ ಮೈಮೇಲೆ ಬೆರಳಿಗೆ ಜಾಗ ಸಾಲದಾದಾಗ, ಮುಟ್ಟಿದವರನ್ನು ಮುಟ್ಟಿಕೊಂಡು ಕೂತರು.

ವಿಂಗಡರಾಯನಿಗೆ ಸುದ್ದಿ ಹೋಯಿತು. "ಪರಿಶೀಲನೆಗೆ ಬಂದಿದ್ದೇನೆ" ಅಂತ ಗಟ್ಟಿಯಾಗಿ ಹೇಳಿಕೊಂಡು ದೊರೆಯೂ ಬಂದ. ಚಾಪೆ ಮೇಲೆ ಕೂತ. ಯಾರೂ ನೋಡದಾಗ ಕಿರುಬೆರಳನ್ನು ಯಂತ್ರಕ್ಕೆ ತಾಗಿಸಿದ. ಮರುದಿನವೂ ಪರಿಶೀಲನೆಗೆ ಬಂದ. ಅದರ ಮರುದಿನವೂ. ಚೆನ್ನಾಜಮ್ಮ ಅವನಿಗೂ ಒಂದು ಎಲೆ ಹಾಕಿ ಶಾವಿಗೆ ಬಡಿಸುತ್ತಿದ್ದಳು. ದೊರೆ ತಿನ್ನುತ್ತ ತಿನ್ನುತ್ತ ಬೆಟ್ಟದ ದಾರಿಯನ್ನೇ ನೋಡುತ್ತಿದ್ದ.

ಒಂದು ಮಧ್ಯಾಹ್ನ ಆ ದಾರಿಯಲ್ಲಿ ಒಬ್ಬ ಹೆಂಗಸು ನಡೆದುಬಂದಳು. ಕಾಲು ತುಂಬ ಧೂಳು. ಕೈಯಲ್ಲಿ ಒಂದು ಗಂಟು. ಚೌಕದ ಅಂಚಿನಲ್ಲಿ ನಿಂತಳು. ದೊರೆ ಬಾಯಿಗೆ ಇಟ್ಟ ಶಾವಿಗೆ ಹಾಗೇ ನಿಂತಿತು. ರಾಣಿ!

ಅವಳು ಮಾತಾಡಿದಾಗ ಸ್ವರ ಒಣ ಎಲೆ ಕಾಲಿಗೆ ಸಿಕ್ಕ ಹಾಗಿತ್ತು. "ಗಂಟಲು ಕೂತುಹೋಯ್ತು. ಹಾಡುವವರ ಖಾನೆಯಿಂದ ಹೆಸರು ತೆಗೆದರು. ಬೇರೆ ಯಾವ ಖಾನೆಯಲ್ಲೂ ಸೇರಿಸಿಕೊಳ್ಳಲಿಲ್ಲ. ಇಲ್ಲಿ ಕೂರಬಹುದಾ?"

ದೊರೆ ಚಾಪೆಯ ಮೇಲೆ ಸರಿದು ಜಾಗ ಮಾಡಿದ. ರಾಣಿ ಕೂತಳು.

ಆಗ ಯಂತ್ರ, "ಟಕ್" ಅಂತು.

ತಿಮ್ಮರಸಯ್ಯ ಪುಸ್ತಕ ಹಿಡಿದು ನೆಗೆದು ನಿಂತ.

"ಟಕ್ ಅಂತು! ಬಂತು! ಕಾದದ್ದು ಬಂತು! ಇನ್ನು ಇದು ಕಾಯುವುದಿಲ್ಲ. ಕಾಯದ ಮೇಲೆ ಇದು ಬರೀ ಮರ, ಬರೀ ಕಬ್ಬಿಣ. ಮರ ಮರದ ಖಾನೆಗೆ, ಕಬ್ಬಿಣ ಕಬ್ಬಿಣದ ಖಾನೆಗೆ. ಎಲ್ಲರೂ ಏಳಿ, ನಿಮ್ಮ ನಿಮ್ಮ ಬೀದಿಗೆ ನಡೆಯಿರಿ. ರಾಣಿಯವರು ಗಂಟಲು ಕೂತವರಿಗೆ ಹೊಸ ಖಾನೆ ಆಗುವವರೆಗೆ ಬೆಟ್ಟದಾಚೆ. ಮೋನಾಚಾರಿ, ಚೆನ್ನಾಜಮ್ಮ, ನಿಮಗೆ ಕರಾರಿನಂತೆ ಅಟ್ಟ."

ಚೆನ್ನಾಜಮ್ಮ ಗಂಡನ ಕೈ ಹಿಡಿದುಕೊಂಡಳು. ಅಷ್ಟು ಜನರ ಮುಂದೆ ಹಿಡಿದದ್ದು ಅದೇ ಮೊದಲು. "ಹನ್ನೊಂದು ದಿನ ನಾನೇ ಮಾತಾಡಿದೆ. ನಿಮ್ಮದು ಕೇಳಲೇ ಇಲ್ಲವಲ್ಲ" ಅಂದಳು.

ಆಗ ದೊರೆ ಕೂತಲ್ಲಿಂದಲೇ ಹೇಳಿದ: "ಅದು ನನ್ನ ಮಂಡಿ."

"ಏನು ಮಹಾಸ್ವಾಮಿ?"

"ಟಕ್ ಅಂದದ್ದು ಯಂತ್ರ ಅಲ್ಲ. ಸರಿದು ಕೂತಾಗ ನನ್ನ ಮಂಡಿ ಟಕ್ ಅಂತು."

ತಿಮ್ಮರಸಯ್ಯ ತಬ್ಬಿಬ್ಬಾದ. "ಯಾವ ಮಂಡಿ?"

"ಎಡದ್ದು."

"ಬರೆದುಕೊಳ್ಳಬೇಕು ಮಹಾಸ್ವಾಮಿ. ದಯವಿಟ್ಟು ಇನ್ನೊಂದು ಸಲ ಅನ್ನಿಸಿ."

ದೊರೆ ಎದ್ದ, ಕೂತ. ಮಂಡಿ ಸುಮ್ಮನಿತ್ತು. ಮತ್ತೆ ಎದ್ದ, ಮತ್ತೆ ಕೂತ. ಆ ವಯಸ್ಸಿನಲ್ಲಿ ಎಲ್ಲರ ಮಂಡಿಯೂ ಟಕ್ ಅನ್ನುತ್ತೆ. ಅವತ್ತು ಮಾತ್ರ ದೊರೆಯ ಮಂಡಿ ಹದಿನಾರರ ಹುಡುಗನ ಮಂಡಿಯ ಹಾಗೆ ಮೆತ್ತಗೆ ಮಡಚಿಕೊಂಡಿತು. ದೊರೆಯ ಹಣೆ ಬೆವರಿತು. ಮೂರನೇ ಸಲ ಎದ್ದ. ಕೂತ.

"ಟಕ್."

ಅಂದದ್ದು ರಾಣಿ. ನಾಲಿಗೆಯನ್ನು ಅಂಗುಳಿಗೆ ತಾಗಿಸಿ ಅಂದಳು. ಹಾಡಲು ಬಾರದ ಗಂಟಲಿನವಳು ಅಷ್ಟನ್ನು ಚೆನ್ನಾಗಿಯೇ ಅಂದಳು. ತಿಮ್ಮರಸಯ್ಯ ಎದುರಿಗೇ ನಿಂತಿದ್ದ. ಅವಳ ತುಟಿ ಆಡಿದ್ದು ಅವನಿಗೆ ಕಾಣಿಸಿತು. ಅವನಿಗೆ ಕಾಣಿಸಿದ್ದು ಎಲ್ಲರಿಗೂ ಕಾಣಿಸಿತು.

ಲೇಖನಿ ಪುಸ್ತಕದ ಮೇಲೆ ನಿಂತಿತು. ಶಾಯಿ ಒಣಗಿತು. ತಿಮ್ಮರಸಯ್ಯ ಅದನ್ನು ಮತ್ತೆ ಅದ್ದಿದ. ದೊರೆಯನ್ನು ನೋಡಿದ, ರಾಣಿಯನ್ನು ನೋಡಿದ, ಕೈ ಕೈ ಹಿಡಿದು ಕೂತ ಇಬ್ಬರನ್ನು ನೋಡಿದ. ಆಮೇಲೆ ಜೋರಾಗಿ ಓದುತ್ತ ಬರೆದ: "ಸದ್ದು ಮಾಡಿದ್ದು ಮಹಾಸ್ವಾಮಿಯವ‌ರ ಎಡಮಂಡಿ. ಮಂಡಿ ಯಂತ್ರವಲ್ಲ. ಯಂತ್ರದ ವಿಷಯ, ತೀರ್ಮಾನ ಇನ್ನೂ ಆಗಿಲ್ಲ."

ಅದು ಅವನ ಮೊದಲ ಸುಳ್ಳು. ಬರೆದ ಮೇಲೆ ಅವನು ನೆಲದ ಮೇಲೆಯೇ ಕೂತ.

"ಮಹಾಸ್ವಾಮಿ" ಅಂದ ಮೆತ್ತಗೆ, "ನಮ್ಮಕ್ಕ ಕತ್ತರಿಬೀದಿಯಲ್ಲಿದ್ದಾಳೆ. ಕೊಬ್ಬರಿ ತುರಿಯುವ ಯಂತ್ರ ಮಾಡ್ತಾಳೆ. ನನ್ನನ್ನ ಎತ್ತಿ ಆಡಿಸಿದವಳು. ಅಲ್ಲಿಗೆ ಬರೆದು ಕಳಿಸಿದ್ದು ನಾನೇ. ಅವತ್ತು ಅವಳು ನನ್ನ ಹೆಸರು ಹಿಡಿದು ಕರೆದಳು. ನಾನು ಮುಂದಿನವರು ಬನ್ನಿ ಅಂದೆ. ಈಗ ಹೋಗಿ ಕರಕೊಂಡು ಬರಲಾ?"

"ಓಡು" ಅಂದ ದೊರೆ.

ತಿಮ್ಮರಸಯ್ಯ ಪುಸ್ತಕ ಅಲ್ಲೇ ಬಿಟ್ಟು ಓಡಿದ. ಧೋತ್ರದ ಅಂಚು ಕಾಲಿಗೆ ತೊಡರಿ ಎರಡು ಸಲ ಬಿದ್ದ. ಅಕ್ಕ ಬಂದಳು. ಬಂದವಳು ಮೊದಲು ಅವನ ಬರಿತಲೆ ನೋಡಿ, "ಪೇಟ ಎಲ್ಲೋ?" ಅಂತ ಗದರಿದಳು. ಅವನು ಚಿಕ್ಕ ಮಕ್ಕಳ ಹಾಗೆ ಅತ್ತ.

ಆ ಯಂತ್ರ ಆ ದಿನದಿಂದ ಒಂದು ಮಾತೂ ಆಡಲಿಲ್ಲ. ಅದಕ್ಕೆ ಬೇಕಾದದ್ದು ಬಂದಾಗಿತ್ತು ಅಂತ ಎಲ್ಲರಿಗೂ ಗೊತ್ತು. ಯಾರೂ ಬಾಯಿಬಿಡಲಿಲ್ಲ. ತಿಮ್ಮರಸಯ್ಯ ಮಾತ್ರ ದಿನಾ ಬೆಳಿಗ್ಗೆ ಬಂದು "ಬಂತಾ?" ಅಂತ ಕೇಳುತ್ತಿದ್ದ. ಸ್ವಲ್ಪ ಹೊತ್ತು ಕಾಯುತ್ತಿದ್ದ. ಆಮೇಲೆ ತಾನೇ "ಇನ್ನೂ ಇಲ್ಲ" ಅಂದುಕೊಂಡು ಬರೆದು, ಅಕ್ಕನ ಪಕ್ಕ ಹೋಗಿ ಕೂರುತ್ತಿದ್ದ.

ಇದಕ್ಕೆ ನೀತಿ ಏನು ಅಂತ ಕೇಳುತ್ತೀರಾ? ಇದೆ. ವಯಸ್ಸಾಯಿತು ಅಂತ ಮಂಡಿಗೆ ಎಣ್ಣೆ ತಿಕ್ಕಬೇಡಿ. ಟಕ್ ಅನ್ನುವುದು ಯಾವಾಗ ಯಾರಿಗೆ ಬೇಕಾಗುತ್ತದೋ ಹೇಳಲಿಕ್ಕಾಗದು.

ಅವರು ಅಲ್ಲೇ ಕೂತರು. ನಾವಿನ್ನು ಇಲ್ಲಿಂದ ಏಳೋಣ.